ಸೊಹಾರ್‌ನಲ್ಲಿ ಇಟ್ಟ ಎಡೆ

ಬಸವಲಿಂಗಮ್ಮ ಸೊಹಾರ್‌ಗೆ ಹೋದದ್ದು ಕಿರಿಯ ಸೊಸೆಯ ಬಾಣಂತನಕ್ಕೆ. ಒಮಾನ್ ದೇಶದ ಆ ಸಮುದ್ರದಂಡೆಯ ಊರಿನಲ್ಲಿ ಅವಳ ಕಿರಿಮಗ ಮಹಾಂತೇಶ್ ಅಡುಗೆ ಎಣ್ಣೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮನೆಯಲ್ಲಿ ಹುಟ್ಟಿದವನು ಅಷ್ಟು ದೂರ ಹೋಗಿಯೂ ಎಣ್ಣೆಯ ವಾಸನೆಯಿಂದ ತಪ್ಪಿಸಿಕೊಳ್ಳಲಿಲ್ಲವಲ್ಲ ಎಂದು ಅವಳು ಆಗಾಗ ನಗುತ್ತಿದ್ದಳು. ಸೊಸೆ ಜ್ಯೋತಿಲಕ್ಷ್ಮಿ ಮೊಳಕಾಲ್ಮೂರಿನವಳು, ತಾಯಿಯಿಲ್ಲದ ಹುಡುಗಿ. ರೇಷ್ಮೆ ಸೀರೆಯ ವ್ಯಾಪಾರ ಮಾಡುವ ಅವಳ ತಂದೆ ಪಾಲಾಕ್ಷಪ್ಪ ಚಳ್ಳಕೆರೆಗೆ ಬಂದು, "ಅಕ್ಕಾರೆ, ನನ್ ಮಗಳಿಗೆ ತಾಯಿ ಅಂದ್ರೂ ನೀವೇ, ಅತ್ತೆ ಅಂದ್ರೂ ನೀವೇ" ಎಂದು ಕೈಮುಗಿದಾಗ ಬಸವಲಿಂಗಮ್ಮನಿಗೆ ಇಲ್ಲವೆನ್ನಲು ಆಗಲಿಲ್ಲ.

ಹಿರಿಯ ಮಗ ಓಂಕಾರಮೂರ್ತಿ ಬೆಂಗಳೂರಿನ ವಿಮಾನ ನಿಲ್ದಾಣದವರೆಗೂ ಕಾರಿನಲ್ಲಿ ಕರೆದೊಯ್ದು ಬಿಟ್ಟ. ಚೀಲಗಳನ್ನು ತಳ್ಳುಗಾಡಿಗೆ ಹೇರುತ್ತಾ, "ಹಿರೇರ ಹಬ್ಬಕ್ಕೆ ನೀನಿಲ್ದಂಗೆ ಆತಲ್ಲವ್ವ" ಎಂದಿದ್ದ. ಅವಳು, "ನೀನಿದ್ದೀಯಲ್ಲ" ಎಂದಿದ್ದಳು.

ಹೆಣ್ಣು ಮಗು ಹುಟ್ಟಿ ತಿಂಗಳು ಕಳೆದಿತ್ತು. ಅದೊಂದು ಶುಕ್ರವಾರ. ಅಲ್ಲಿ ಶುಕ್ರವಾರವೇ ವಾರದ ರಜೆ. ಬಸವಲಿಂಗಮ್ಮ ಮಗುವನ್ನು ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಮಹಾಂತೇಶ್ ಬಂದು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತ.

"ಅವ್ವ, ಮುಂದಿನ್ ವಾರ ಕಳೆದ್ರೆ ಅಮಾಸೆ."

"ಗೊತ್ತೈತೆ."

"ನಾನು ಅಪ್ಪನಿಗೆ ಇವತ್ತಿನ ತನಕ ಒಂದು ಎಡೆ ಇಕ್ಕಿಲ್ಲ."

ಮಗುವಿನ ತೊಡೆಯ ಮೇಲೆ ಓಡಾಡುತ್ತಿದ್ದ ಅವಳ ಕೈ ನಿಂತಿತು. ಮಹಾಲಯ ಅಮಾವಾಸ್ಯೆಯ ದಿನ ಮನೆಯಲ್ಲಿ ತೀರಿಹೋದವರಿಗೆ ಹೊಸ ಬಟ್ಟೆಯಿಟ್ಟು, ಮಾಡಿದ ಅಡುಗೆಯನ್ನೆಲ್ಲ ಎಲೆಗೆ ಬಡಿಸಿ ಎಡೆಯಿಡುತ್ತಾರೆ. ಹಿರಿಯರು ಬಂದು ಉಂಡು ಹೋಗುತ್ತಾರೆ ಎಂಬುದು ನಂಬಿಕೆ. ಗಂಡ ಮುರುಗೇಂದ್ರಪ್ಪ ತೀರಿಹೋದ ಮೇಲೆ ಪ್ರತಿ ವರ್ಷವೂ ಚಳ್ಳಕೆರೆಯ ಮನೆಯಲ್ಲಿ ಮೊದಲ ತುತ್ತು ಬಡಿಸುತ್ತಿದ್ದವಳು ಅವಳೇ. ಪಕ್ಕದಲ್ಲಿ ಧೂಪದ ಬಟ್ಟಲು ಹಿಡಿದು ಓಂಕಾರಮೂರ್ತಿ ನಿಲ್ಲುತ್ತಿದ್ದ. ಕಿರಿಯವನಿಗೆ ಆ ಹೊತ್ತಿಗೆ ಒಮ್ಮೆಯೂ ರಜೆ ಸಿಕ್ಕಿರಲಿಲ್ಲ.

ಸಾವಿಗೂ ಅವನು ಬಂದಿರಲಿಲ್ಲ. ಅದು ಕೊರೋನಾದ ಎರಡನೇ ಅಲೆಯ ಕಾಲ. ಒಮಾನ್‌ನಿಂದ ಹೊರಟವರನ್ನು ಮತ್ತೆ ಒಳಗೆ ಬಿಡುತ್ತಿರಲಿಲ್ಲ. ಹೋದರೆ ಕೆಲಸ ಹೋದಂತೆಯೇ. ಇವತ್ತು ಹೊರಡಲೋ ನಾಳೆ ಹೊರಡಲೋ ಎಂದು ಅವನು ತೂಗುತ್ತಿದ್ದಾಗಲೇ ಮುರುಗೇಂದ್ರಪ್ಪ ಹೋಗಿಬಿಟ್ಟರು. ಮೊಬೈಲಿನ ಪುಟ್ಟ ಚೌಕದಲ್ಲಿ ಅವನು ಗೋಡೆಗೆ ತಲೆ ಒರಗಿಸಿಕೊಂಡು ಅತ್ತದ್ದನ್ನು ಬಸವಲಿಂಗಮ್ಮ ನೋಡಿದ್ದಳು. ಆಗ ಅವಳೂ ಜ್ವರದಲ್ಲಿ ಚಳ್ಳಕೆರೆಯ ಮನೆಯ ಕೋಣೆಯೊಂದರಲ್ಲಿ ಒಬ್ಬಳೇ ಬಿದ್ದಿದ್ದಳು.

"ಅಣ್ಣ ಇಕ್ತಾನಲ್ಲಪ್ಪ ಅಲ್ಲಿ," ಎಂದಳು.

"ಅವನು ಇಕ್ಕೋದು ಅವನ ಎಡೆ. ನಂದು?"

ಎಡೆ ಎಂದರೆ ಆ ಮನೆಯಲ್ಲಿ ಬರಿಯ ಊಟದ ಎಲೆಯಾಗಿರಲಿಲ್ಲ. ಮುರುಗೇಂದ್ರಪ್ಪನೂ ಅವರ ತಮ್ಮ ನಾಗೇಂದ್ರಪ್ಪನೂ ಬೇರೆಯಾದ ವರ್ಷ ಅವಳಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು. ಹೊಲ ಹಂಚಿಕೆಯಾಗುವುದಕ್ಕೆ ಮೊದಲು, ಗೋಡೆ ಏಳುವುದಕ್ಕೆ ಮೊದಲು, ನಾಗೇಂದ್ರಪ್ಪ ಆ ಅಮಾವಾಸ್ಯೆಗೆ ತನ್ನ ಪಾಲಿನ ಕೋಣೆಯಲ್ಲಿ ಬೇರೆ ಎಡೆಯಿಟ್ಟಿದ್ದ. ಮರುದಿನವೇ ಪೇಟೆಯೆಲ್ಲ, 'ಅವರ ಮನೆ ಒಡೀತು' ಎಂದು ಆಡಿಕೊಂಡಿತ್ತು. ಒಂದು ಮನೆಗೆ ಒಂದೇ ಎಡೆ. ಎಡೆ ಎರಡಾದರೆ ಮನೆ ಎರಡು. ಇದು ಮಹಾಂತೇಶನಿಗೂ ಗೊತ್ತಿತ್ತು.

"ಅಣ್ಣನ್ನ ಒಂದು ಮಾತು ಕೇಳ್ತೀನಿ ತಡಿ," ಎಂದಳು.

ಕೇಳಬೇಕೆಂದೇ ಫೋನ್ ಮಾಡಿದಳು. ಓಂಕಾರಮೂರ್ತಿ ಮಿಲ್ಲಿನಲ್ಲಿದ್ದ. ಹಿಂದೆ ಯಂತ್ರಗಳ ಗದ್ದಲ. ಆದರೂ ಅವನ ದನಿಯಲ್ಲಿ ಸಡಗರವಿತ್ತು.

"ಅವ್ವ, ಅಪ್ಪನಿಗೆ ಪಂಚೆ ತಂದೀನಿ. ಅಂಚು ಸಣ್ಣದೇ ಐತೆ, ದೊಡ್ಡಂಚಂದ್ರೆ ಅವ್ರಿಗೆ ಆಗ್ತಿರಲಿಲ್ಲಲ್ಲ. ಈ ಸತಿ ಮೊದ್ಲು ಬಡಿಸೋದು ನಾನೇ. ಏನಾರ ಹೆಚ್ಚುಕಮ್ಮಿ ಆದ್ರೆ ಅಪ್ಪ ಬೈತಾರೋ ಏನೋ!" ಎಂದು ನಕ್ಕ.

"ಇಲ್ಲೂ ಒಂದೀಟು ಸಿಹಿ ಮಾಡಾಣ ಅಂತ..." ಎಂದು ಅವಳು ಶುರುಮಾಡಿದಳು.

"ಮಾಡ್ರಿ ಮತ್ತೆ. ಬಾಣಂತಿ ಇರೋ ಮನೆ."

ಎಡೆಯ ಮಾತನ್ನು ಅವಳು ಎತ್ತಲೇ ಇಲ್ಲ. ಫೋನ್ ಇಟ್ಟ ಮೇಲೆ ಮಹಾಂತೇಶ್ ಅವಳ ಮುಖವನ್ನೇ ನೋಡುತ್ತಿದ್ದ.

"ಏನಂದ?"

"ಮಾಡ್ರಿ ಅಂದ," ಎಂದಳು. ಅದು ಸುಳ್ಳಲ್ಲ, ನಿಜವೂ ಅಲ್ಲ ಎಂಬುದು ಹೇಳುವಾಗಲೇ ಅವಳಿಗೆ ತಿಳಿದಿತ್ತು.

ಅಮಾವಾಸ್ಯೆ ಭಾನುವಾರ ಬಿದ್ದಿತ್ತು. ಚಳ್ಳಕೆರೆಗೆ ಅದು ರಜೆ, ಸೊಹಾರ್‌ಗೆ ವಾರದ ಮೊದಲ ದಿನ. ಮಹಾಂತೇಶ್ ಅರ್ಧ ದಿನ ಬಿಡುವು ಕೇಳಿ ಬಂದ. ಮಲಯಾಳಿಯೊಬ್ಬನ ಅಂಗಡಿಯಲ್ಲಿ ಬಾಳೆಲೆ ಸಿಕ್ಕಿತು. ಪಂಚೆಗೆಂದು ಹೋದರೆ ಅಲ್ಲಿದ್ದದ್ದು ಹೊಳೆಯುವ ಜರಿಯಂಚಿನ ಕೇರಳದ ಮುಂಡು. ಅದನ್ನೇ ತಂದರು. ಬಸವಲಿಂಗಮ್ಮ ಅದರ ಅಂಚನ್ನು ಮುಟ್ಟಿ ನೋಡಿ ಮಡಿಸಿಟ್ಟಳು. ಹೂರಣ ರುಬ್ಬಿದಳು, ವಡೆ ಕರಿದಳು, ಕುಂಬಳಕಾಯಿ ಪಲ್ಯ ಮಾಡಿದಳು. ಮೈ ಪೂರ್ತಿ ಹಗುರವಾಗದ ಸೊಸೆ ಕುರ್ಚಿಯ ಮೇಲೆ ಕುಳಿತೇ ಕರ್ಚಿಕಾಯಿಯ ಅಂಚು ಮಡಿಸಿದಳು. ಮುರುಗೇಂದ್ರಪ್ಪ ಮಿಲ್ಲಿನ ಅಂಗಳದಲ್ಲಿ ಕುಳಿತಿದ್ದ ಒಂದು ಫೋಟೋ ಮಗನ ಮೊಬೈಲಿನಲ್ಲಿತ್ತು. ಅದನ್ನು ದೊಡ್ಡದಾಗಿ ಮಾಡಿಸಿ ಕಟ್ಟು ಹಾಕಿಸಿ ತಂದಿದ್ದ. ಅವಳು ಅದಕ್ಕೆ ವಿಭೂತಿ ಹಚ್ಚಿ ಹೂವೇರಿಸಿದಳು.

ಮೊದಲ ಹೋಳಿಗೆಯನ್ನು ಮಹಾಂತೇಶ್ ಎಲೆಗೆ ಬಡಿಸಿದ. "ಅಪ್ಪ, ತಡ ಆತು," ಎಂದ. ಅಷ್ಟೇ. ಆಮೇಲೆ ನೆಲದ ಮೇಲೆ ಹಣೆಯಿಟ್ಟವನು ಮೇಲೇಳಲೇ ಇಲ್ಲ. ಬೆನ್ನು ಅದುರುತ್ತಿತ್ತು. ಬಸವಲಿಂಗಮ್ಮ ಅವನ ಬೆನ್ನ ಮೇಲೆ ಕೈಯಿಟ್ಟಳು. ನಾಲ್ಕು ವರ್ಷದಿಂದ ಈ ಹುಡುಗ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದನಲ್ಲ, ಇವನಿಗೆ ಬೇಡ ಎನ್ನಲು ನಾನು ಯಾರು ಎನಿಸಿತು.

ಹಿರಿಯರು ಉಣ್ಣುವ ಹೊತ್ತು ಮನೆಯವರು ಹೊರಗಿರಬೇಕು. ಬಾಗಿಲೆಳೆದುಕೊಂಡು ಮೂವರೂ ಮಗುವಿನ ಸಮೇತ ಮಹಡಿಯ ಉದ್ದನೆಯ ಕಾರಿಡಾರಿನಲ್ಲಿ ನಿಂತರು. ಎದುರು ಮನೆಯ ಈಜಿಪ್ಟಿನ ಹೆಂಗಸು ಬಾಗಿಲು ತೆರೆದು, ಬೀಗದ ಕೈ ಕಳೆದುಹೋಯಿತೇ ಎಂದು ಕೇಳಿದಳು. ಮಹಾಂತೇಶ್ ತನಗೆ ಬರುವ ಅರಬ್ಬಿಯಲ್ಲಿ ಏನೋ ಹೇಳಿದ. ಆಕೆ ಒಳಗಿನಿಂದ ಎರಡು ಕುರ್ಚಿ ತಂದು ಬಾಣಂತಿಗೊಂದು, ಮುದುಕಿಗೊಂದು ಹಾಕಿದಳು.

"ಏನಂದ್ಯೋ ಅವಳಿಗೆ?"

"ನಮ್ಮಪ್ಪ ಬಂದಾರೆ, ಉಣ್ತಾ ಅದಾರೆ ಅಂದೆ."

ಆ ದಿನದ ನೆಮ್ಮದಿ ಅಷ್ಟು ಹೊತ್ತಿನದೇ. ಎಲ್ಲರ ಊಟವಾಗಿ ಬಸವಲಿಂಗಮ್ಮ ಪಾತ್ರೆ ತೊಳೆಯುತ್ತಿದ್ದಾಗ ಹಿರಿಯ ಸೊಸೆ ಮಂಗಳಗೌರಿಯ ಫೋನ್ ಬಂತು. ದನಿ ತಗ್ಗಿತ್ತು, ಕದ್ದು ಮಾತಾಡುವವಳಂತೆ.

"ಅತ್ತೆ, ಅಲ್ಲಿ ಎಡೆ ಇಕ್ಕಿದ್ರಾ?"

"ಯಾಕವ್ವ, ಯಾರಂದ್ರು?"

"ಮಾಂತೇಶ ಗ್ರೂಪಿಗೆ ಫೋಟೋ ಹಾಕೈತಲ್ರೀ. 'ಅಪ್ಪನಿಗೆ ನಮ್ಮ ಮನೆಯ ಎಡೆ' ಅಂತ ಬರೆದೈತೆ. ಇವ್ರು ಎದ್ದು ಹೋದ್ರು."

ಮಂಗಳಗೌರಿ ತಡವರಿಸುತ್ತಾ ಎಲ್ಲವನ್ನೂ ಹೇಳಿದಳು. ಮನೆ ತುಂಬ ನೆಂಟರಿದ್ದರು. ಓಂಕಾರಮೂರ್ತಿ ಮಡಿಯುಟ್ಟು ಧೂಪ ಹಿಡಿದು ನಿಂತಿದ್ದ. ಇನ್ನೇನು ಬಡಿಸಬೇಕು ಎನ್ನುವಾಗ ಚಿಕ್ಕಪ್ಪ ನಾಗೇಂದ್ರಪ್ಪ ತನ್ನ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಲೇ ಓಂಕಾರ, ನಿಮ್ಮನೇನೂ ಬೇರೆ ಆತೇನೋ? ನಮಗೊಂದು ಮಾತು ಹೇಳಬಾರ್ದಾ?" ಎಂದುಬಿಟ್ಟಿದ್ದ. ಎಲ್ಲರೂ ತಂತಮ್ಮ ಮೊಬೈಲು ತೆಗೆದು ನೋಡಿದರು. ಓಂಕಾರಮೂರ್ತಿಯೂ ನೋಡಿದ. ಧೂಪದ ಬಟ್ಟಲನ್ನು ಕೆಳಗಿಟ್ಟ. ಹೊಸ ಪಂಚೆಯನ್ನು ಮಡಿಸಿ ಬಗಲಿಗಿಟ್ಟುಕೊಂಡ. "ಅಪ್ಪ ಅಲ್ಲಿ ಉಂಡಾರೆ. ಇಲ್ಲಿಗೆ ಯಾಕೆ ಬರ್ತಾರೆ?" ಎಂದವನೇ ಬೈಕ್ ಹತ್ತಿ ಹೋದ.

"ಮಾಡಿದ್ದೆಲ್ಲ ಹಂಗೇ ಐತ್ರಿ. ಎಡೆ ಇಕ್ಕದೆ ಯಾರೂ ಉಣ್ಣಂಗಿಲ್ಲ. ಹುಡುಗ್ರು ಹಸಿದು ಅಳ್ತಾವೆ. ನಾನೇನು ಮಾಡ್ಲಿ ಅತ್ತೆ?"

"ಹುಡುಗ್ರಿಗೆ ಇಕ್ಕವ್ವ," ಎಂದಳು ಬಸವಲಿಂಗಮ್ಮ. "ಪಾಪ ಬಂದ್ರೆ ನಂಗೆ ಬರ್ಲಿ."

ಸಂಜೆ ಅಣ್ಣತಮ್ಮಂದಿರು ಮಾತಾಡಿದರು. ಮಹಾಂತೇಶನೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದ್ದ.

"ಅಣ್ಣ, ನಾನು ಬೇರೆ ಆಗಬೇಕು ಅಂತ ಮಾಡಿದ್ದಲ್ಲ. ನಂಗೂ ಅವ್ರು ಅಪ್ಪನೇ ಅಲ್ವಾ?"

"ಅಪ್ಪನ್ನ ಮಣ್ಣು ಮಾಡೋವಾಗ ಎಲ್ಲಿದ್ದೆ?"

"ವಾಪಸ್ ಬಿಡ್ತಿರಲಿಲ್ಲ ಅಣ್ಣ, ನಿಂಗೂ ಗೊತ್ತು. ಕೆಲ್ಸ..."

"ಹೂಂ. ನಿಂಗೆ ಕೆಲ್ಸ ಹೋಗೋದು. ನಂಗೆ ಅಪ್ಪ ಹೋದ್ರು."

ಬಸವಲಿಂಗಮ್ಮ ಮಹಾಂತೇಶನ ಕೈಯಿಂದ ಫೋನ್ ತೆಗೆದುಕೊಂಡಳು.

"ಓಂಕಾರ, ಎಡೆ ಇಕ್ಕಿಸಿದ್ದು ನಾನು. ಅವನಿಗೆ ಬೈಬ್ಯಾಡ."

"ಮೊನ್ನೆ ಮಾತಾಡಿದ್ಯಲ್ಲವ್ವ. ಆಗ್ಲೇ ಹೇಳಿದ್ರೆ ನಾನು ಬ್ಯಾಡ ಅಂತಿದ್ನಾ?" ಎಂದ. ಮತ್ತೆ ತಾನೇ, "ಅಂತಿದ್ದೆ. ಬ್ಯಾಡ ಅಂತಿದ್ದೆ. ಅದಕ್ಕೇ ಹೇಳ್ಲಿಲ್ಲ ನೀನು," ಎಂದು ಇಟ್ಟುಬಿಟ್ಟ.

ಅವಳು ಅಲ್ಲಿ ಇನ್ನೂ ಎರಡು ತಿಂಗಳಿದ್ದಳು. ದೀಪಾವಳಿ ಬಂತು, ಹೋಯಿತು. ಚಳ್ಳಕೆರೆಗೆ ಫೋನ್ ಮಾಡಿದಾಗಲೆಲ್ಲ ಮಂಗಳಗೌರಿಯೇ ಎತ್ತಿ, "ಮಿಲ್ಲಿಗೆ ಹೋಗ್ಯಾರ್ರಿ," ಎನ್ನುತ್ತಿದ್ದಳು. ಶೇಂಗಾ ಬರುವ ಕಾಲ, ಕೆಲಸ ಹೆಚ್ಚಿರುತ್ತದೆ, ನಿಜ. ಆದರೆ ಹೋದ ವರ್ಷವೂ ಶೇಂಗಾ ಬಂದಿತ್ತು. ಆಗ ಮಗ ತಟ್ಟೆಯ ಮುಂದೆ ಕುಳಿತು ಅವ್ವನ ಹತ್ತಿರ ಅರ್ಧ ತಾಸು ಹರಟುತ್ತಿದ್ದ. ಮಗುವಿನ ನಗು, ಸೊಸೆಯ ಉಪಚಾರ, ಕಿಟಕಿಯಾಚೆಯ ಸಮುದ್ರ, ಯಾವುದರಲ್ಲೂ ಅವಳ ಮನಸ್ಸು ನಿಲ್ಲಲಿಲ್ಲ. ಮಹಾಂತೇಶನೂ ಬಾಡಿಹೋಗಿದ್ದ. ಅಪ್ಪನ ಫೋಟೋವನ್ನು ಗೋಡೆಗೆ ಹಾಕಲು ಮೊಳೆ ತಂದಿದ್ದವನು ಹಾಕದೇ ಬಿಟ್ಟ.

ಚಳಿ ಬಿದ್ದ ಮೇಲೆ ಅವಳು ಊರಿಗೆ ಮರಳಿದಳು. ಬೆಂಗಳೂರಿಗೆ ಮಿಲ್ಲಿನ ಡ್ರೈವರ್ ಮಾತ್ರ ಬಂದಿದ್ದ. ಹಿರಿಯೂರು ದಾಟಿ ಚಳ್ಳಕೆರೆಯ ದಾರಿ ಹಿಡಿದಾಗ ಅವಳಿಗೆ ಹೊಸ ಸೊಸೆಯಾಗಿ ಬರುವಾಗ ಆಗಿದ್ದಂಥ ಅಳುಕು.

ಓಂಕಾರಮೂರ್ತಿ ಜಗಳವಾಡಲಿಲ್ಲ. ಅದೇ ಅವಳಿಗೆ ಕಷ್ಟವಾಯಿತು. "ಊಟ ಆತಾ? ಮಾತ್ರೆ ತಗಂಡ್ಯಾ?" ಎಂದು ಕೇಳುತ್ತಿದ್ದ. ಉತ್ತರಕ್ಕೆ ಕಾಯದೆ ಹೊರಟುಬಿಡುತ್ತಿದ್ದ. ವಾರದೊಳಗೆ ನಾಗೇಂದ್ರಪ್ಪ ಬಂದು ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಾ, "ಅತ್ತಿಗೆ, ಸಂಕ್ರಾಂತಿ ಕಳೀಲಿ, ಕೂತು ಭಾಗ ಬರೆಸಿಬಿಡಾಣ ಅಂತಾನೆ ಓಂಕಾರ. ನೀವು ಮನಸ್ಸಿಗೆ ಹಚ್ಕಬ್ಯಾಡ್ರಿ, ಎಲ್ಲಾರ ಮನೇಲೂ ಆಗೋದೇ," ಎಂದ. ಅವನ ಮಾತಿನಲ್ಲಿ ಕೆಡುಕಿರಲಿಲ್ಲ. ತನ್ನ ಮನೆಗಾದದ್ದು ಅಣ್ಣನ ಮನೆಗೂ ಆಯಿತಲ್ಲ ಎಂಬ ಸಣ್ಣ ಸಮಾಧಾನವಿದ್ದಂತಿತ್ತು.

ಮಧ್ಯಾಹ್ನ ಮಗ ಊಟಕ್ಕೆ ಬಂದಾಗ ಅವಳು ತಟ್ಟೆ ಹಾಕಲಿಲ್ಲ.

"ಭಾಗ ಅಂತೆ?"

"ಹಬ್ಬ ಬೇರೆ ಆದ್ಮೇಲೆ ಮನೆ ಒಂದೇ ಅಂತ ಸುಳ್ಳು ಹೇಳ್ಕಂಡು ಯಾಕೆ ತಿರುಗಬೇಕವ್ವ?"

"ಸರಿ. ಅದಕ್ಕೂ ಮುಂಚೆ ನನ್ನ ನಿಮ್ಮಪ್ಪನ ಹತ್ರ ಕರ್ಕಂಡೋಗು."

ಅವರ ಹೊಲ ದೊಡ್ಡಉಳ್ಳಾರ್ತಿಯ ಕಡೆ, ದನ ಕುರಿ ಮೇಯುವ ಕಾವಲಿನ ಅಂಚಿಗಿತ್ತು. ದಾರಿಯುದ್ದಕ್ಕೂ ಒಂದು ಪಕ್ಕ ಕಾವಲಿನಲ್ಲಿ ಎದ್ದ ಹೊಸ ಸರ್ಕಾರಿ ಸಂಸ್ಥೆಗಳ ಕಾಂಪೌಂಡು ಗೋಡೆ ಮುಗಿಯದಂತೆ ಓಡುತ್ತಿತ್ತು. ಅದರ ಬುಡದ ಒಣಹುಲ್ಲಿಗೆ ಕುರಿಗಳು ಬಾಯಿಹಾಕಿದ್ದವು. ಶೇಂಗಾ ಕಿತ್ತ ಹೊಲ ಬರಿದಾಗಿ ಬಿದ್ದಿತ್ತು. ಅದರ ಮೂಲೆಯಲ್ಲಿ ಬೇವಿನ ಮರದ ಪಕ್ಕ ಮುರುಗೇಂದ್ರಪ್ಪನ ಸಮಾಧಿ, ಮೇಲೊಂದು ಪುಟ್ಟ ಕಲ್ಲಿನ ಲಿಂಗ. ಕಲ್ಲಿನ ಕೆಳಗೆ ಅದುಮಿ ಇಟ್ಟಿದ್ದ ಬಟ್ಟೆಯೊಂದು ಮಳೆಗೆ ನೆಂದು ಬಿಸಿಲಿಗೆ ಒಣಗಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಸಣ್ಣಂಚಿನ ಪಂಚೆ. ಅಮಾವಾಸ್ಯೆಯ ದಿನ ಅವನು ಎಲ್ಲಿಗೆ ಬಂದಿದ್ದನೆಂದು ಅವಳಿಗೆ ಆಗ ತಿಳಿಯಿತು.

ಅವಳು ಸಮಾಧಿಯ ಕಟ್ಟೆಯ ಮೇಲೆ ಕುಳಿತಳು. "ನಿಮ್ಮಪ್ಪ ಹೆಂಗೆ ಹೋದ್ರು ಅಂತ ನೀನು ನಂಗೆ ಹೇಳೇ ಇಲ್ಲ," ಎಂದಳು.

"ನೀನು ಕೇಳ್ಲಿಲ್ಲ."

"ಕೇಳಾಕೆ ಭಯ ಆಗಿತ್ತು. ಈಗ ಹೇಳು."

ಅವನು ಅವಳಿಗೆ ಬೆನ್ನು ಮಾಡಿ, ಹೊಲದ ಕಡೆ ನೋಡುತ್ತಾ ಹೇಳಿದ. ಆಗ ಅವನಿಗೂ ಜ್ವರವಿತ್ತು. ಅದರಿಂದಲೇ ದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ಅಪ್ಪನ ಪಕ್ಕದ ಮಂಚ ಸಿಕ್ಕಿತ್ತು. ಎರಡು ದಿನ ಅಪ್ಪ ಮಾತಾಡುತ್ತಲೇ ಇದ್ದರು. ಮಿಲ್ಲಿನ ಬೆಲ್ಟ್ ಬದಲಿಸು, ನಿಮ್ಮವ್ವನಿಗೆ ಬಿಸಿನೀರು ಕೊಡೋಕೆ ಹೇಳು ಎಂದೆಲ್ಲ. ಮೂರನೇ ದಿನ ಬೆಳಗ್ಗೆ ಉಸಿರು ಸಿಗದಂತಾಯಿತು. ಓಂಕಾರಮೂರ್ತಿ ಎದ್ದು ಹೋಗಿ ಕೈ ಹಿಡಿದುಕೊಂಡ. ಅವನ ಮುಖದ ಮೇಲೆ ಮಾಸ್ಕ್ ಇತ್ತು.

"ಕಣ್ಣು ಬಿಟ್ಟು ನನ್ನೇ ನೋಡಿದ್ರವ್ವ. 'ಮಾಂತೇಶ, ಬಂದ್ಯಾ?' ಅಂದ್ರು."

ಬಸವಲಿಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಾನು ಓಂಕಾರ ಅಪ್ಪ ಅಂತ ಅನ್ಬೇಕು ಅಂತಿದ್ದೆ. ಅವ್ರ ಮುಖ ಹಂಗೆ ಅರಳಿತ್ತು ನೋಡು, ಅನ್ನಾಕೆ ಆಗ್ಲಿಲ್ಲ. 'ಹೂಂ ಅಪ್ಪ, ಬಂದೆ' ಅಂದೆ. 'ನೀನು ಬರ್ತೀಯ ಅಂತ ಗೊತ್ತಿತ್ತು' ಅಂದ್ರು. ಅಷ್ಟೇ. ಆಮೇಲೆ ಏನೂ ಅನ್ಲಿಲ್ಲ."

ಅವನು ಕಣ್ಣು ಒರೆಸಿಕೊಳ್ಳಲಿಲ್ಲ. ಬೇವಿನ ತೊಗಟೆಯ ಚೂರೊಂದನ್ನು ಕಿತ್ತು ಬೆರಳಲ್ಲಿ ಪುಡಿಮಾಡುತ್ತಿದ್ದ.

"ಪಕ್ಕದಾಗೆ ಮಲಗಿದ್ದೋನು ನಾನು. ಉಚ್ಚೆ ಬಳದೋನು ನಾನು. ಮಣ್ಣು ಹಾಕ್ದೋನು ನಾನು. ಅವ್ರು ಹೋಗಿದ್ದು ಅವನ ಕೈ ಹಿಡ್ಕಂಡು. ಹೋಗ್ಲಿ ಬಿಡು, ವರ್ಷಕ್ಕೊಂದು ದಿನ ಉಣ್ಣಾಕಾದ್ರೂ ನನ್ನ ಕೈಗೆ ಬರ್ತಾರೆ ಅಂದ್ಕಂಡಿದ್ದೆ. ಆ ಫೋಟೋ ನೋಡಿದಾಗ... ಅವನು ಕರೆದ್ರೆ ಇವ್ರು ಅಲ್ಲಿಗೇ ಹೋಗ್ತಾರೆ ಅಂತ ನಂಗೆ ಗೊತ್ತಿತ್ತವ್ವ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಒಂದೇ ಒಲೆಯ ಊಟ ಉಂಡು, ಈ ಮಗನ ಎದೆಯಲ್ಲಿ ಇದು ಕುಳಿತದ್ದು ತನಗೆ ತಿಳಿಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಎದ್ದು ಹೋಗಿ ಅವನ ತೋಳು ಹಿಡಿದಳು. ಅವನು ಬಿಡಿಸಿಕೊಳ್ಳಲೂ ಇಲ್ಲ, ಅವಳ ಕಡೆ ತಿರುಗಲೂ ಇಲ್ಲ.

"ಅವನಿಗೆ ಹೇಳ್ಬ್ಯಾಡ," ಎಂದ.

"ಇಲ್ಲ."

ಸಂಕ್ರಾಂತಿ ಕಳೆದ ವಾರ ಮೊಳಕಾಲ್ಮೂರಿನಲ್ಲಿ ಮಗುವಿನ ತೊಟ್ಟಿಲ ಶಾಸ್ತ್ರ. ಮಹಾಂತೇಶ್ ಹೆಂಡತಿ ಮಗುವಿನೊಂದಿಗೆ ನೇರ ಮಾವನ ಮನೆಗೇ ಬಂದಿಳಿದಿದ್ದ, ಚಳ್ಳಕೆರೆಗೆ ಬಂದಿರಲಿಲ್ಲ. ಓಂಕಾರಮೂರ್ತಿ ಹೋಗುವುದಿಲ್ಲ ಎನ್ನುತ್ತಾನೆಂದೇ ಬಸವಲಿಂಗಮ್ಮ ಅಂದುಕೊಂಡಿದ್ದಳು. ಅವನು ಬೆಳಗ್ಗೆಯೇ ಸ್ನಾನ ಮಾಡಿ ಕಾರು ತೆಗೆದ. "ಕೂಸಿನ್ನ ನೋಡಬೇಕಲ್ಲ," ಎಂದ, ಯಾರೂ ಕೇಳದಿದ್ದರೂ.

ಪಾಲಾಕ್ಷಪ್ಪನ ಮನೆಯ ಬೀದಿಯಲ್ಲಿ ಅಕ್ಕಪಕ್ಕದ ಮಗ್ಗಗಳ ಸದ್ದು ನಿಲ್ಲುತ್ತಿರಲಿಲ್ಲ. ತೆಲುಗು ಕನ್ನಡ ಬೆರೆತ ಮಾತು ಮನೆ ತುಂಬಿತ್ತು. ಮಂಗಳಗೌರಿ ಮಗುವಿನ ಕಿವಿಯಲ್ಲಿ ಹೆಸರು ಉಸಿರಿದಳು. ಓಂಕಾರಮೂರ್ತಿ ಬೆಳ್ಳಿಯ ಕಾಲ್ಗೆಜ್ಜೆ ತಂದಿದ್ದ. ತಾನೇ ಬಗ್ಗಿ ಮಗುವಿನ ಕಾಲಿಗೆ ತೊಡಿಸಿದ. ಎರಡು ಮಾರು ದೂರದಲ್ಲಿ ನಿಂತಿದ್ದ ತಮ್ಮನನ್ನು ನೋಡಲಿಲ್ಲ.

ಬಸವಲಿಂಗಮ್ಮನನ್ನು ಮಹಾಂತೇಶ್ ಸೀರೆಯ ಗಂಟುಗಳನ್ನು ಪೇರಿಸಿಟ್ಟಿದ್ದ ಹಿಂದಿನ ಕೋಣೆಗೆ ಕರೆದ.

"ಅವ್ವ, ಭಾಗದ ಮಾತು ಮಾವನಿಂದ ತಿಳೀತು. ನಂಗೆ ಮಿಲ್ಲೂ ಬ್ಯಾಡ, ಹೊಲನೂ ಬ್ಯಾಡ. ಎಲ್ಲಾ ಅಣ್ಣನೇ ಇಟ್ಕಳ್ಲಿ. ಆದ್ರೆ ಅಪ್ಪನ್ನೂ ಅವನೊಬ್ನೇ ಇಟ್ಕಂತೀನಿ ಅಂದ್ರೆ ಹೆಂಗೆ? ಸಾಯೋವಾಗ ಜತೆಗಿದ್ದೆ ಅನ್ನೋ ಅಷ್ಟಕ್ಕೇ? ಅವನಿಗೆ ಆ ಪುಣ್ಯನಾದ್ರೂ ಸಿಕ್ತು. ನಂಗೇನು ಸಿಕ್ತು?"

ಸುಮ್ಮನಿರಬೇಕೆಂದೇ ಇದ್ದಳು. 'ಪುಣ್ಯ' ಎಂಬ ಮಾತು ಕೇಳಿ ತಡೆಯಲಾಗಲಿಲ್ಲ. ಸಮಾಧಿಯ ಬಳಿ ಕೇಳಿದ್ದನ್ನು ಹೇಳಿಬಿಟ್ಟಳು. ಹೇಳುವಾಗ ಅವಳಿಗೊಂದು ಆಸೆಯಿತ್ತು. ಅಪ್ಪ ಕೊನೆಗೆ ನೆನೆದದ್ದು ತನ್ನನ್ನೇ ಎಂದು ತಿಳಿದರೆ ಇವನ ಎದೆಯ ಭಾರ ಇಳಿದೀತು, ಅಣ್ಣನ ಸಂಕಟವೂ ಅರ್ಥವಾದೀತು ಎಂದು. ಹಾಗಾಗಲಿಲ್ಲ. ಮಹಾಂತೇಶನ ಮುಖ ಬಿಳಿಚಿಕೊಂಡಿತು.

"ಹಂಗಾದ್ರೆ ಅಪ್ಪ ನಾನು ಬಂದೆ ಅಂತಾನೇ ತಿಳ್ಕಂಡ್ರಾ?"

"ಹೂಂ ಕಣಪ್ಪ."

"ನಾನು ಬರ್ಲಿಲ್ಲವಲ್ಲವ್ವ," ಎಂದು ಅವನು ಸೀರೆಯ ಗಂಟಿನ ಮೇಲೆ ಕುಸಿದು ಕುಳಿತ. "ಬರ್ತೀಯ ಅಂತ ಗೊತ್ತಿತ್ತು ಅಂದ್ರಾ? ನಾನು ಬರ್ಲೇ ಇಲ್ಲವಲ್ಲ."

ಸ್ವಲ್ಪ ಹೊತ್ತಿಗೆ ಎದ್ದು ಹೊರಗೆ ಹೋದ. ಅವಳು ಕಿಟಕಿಗೆ ಬಂದಳು. ಬೀದಿಯಲ್ಲಿ ಕಾರಿಗೆ ಒರಗಿ ನಿಂತಿದ್ದ ಅಣ್ಣನ ಹತ್ತಿರ ತಮ್ಮ ಹೋಗಿ ನಿಂತದ್ದು ಕಂಡಿತು. ಮಗ್ಗದ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಓಂಕಾರಮೂರ್ತಿ ತಟ್ಟನೆ ತಲೆಯೆತ್ತಿ ಕಿಟಕಿಯ ಕಡೆ ನೋಡಿದ. ಅವಳು ಹಿಂದೆ ಸರಿಯಲಿಲ್ಲ. ಆ ನೋಟವನ್ನು ಅವಳು ತಲೆ ತಗ್ಗಿಸದೆ ಎದುರಿಸಿದಳು. ಆಮೇಲೆ ಇಬ್ಬರೂ ಕಾರು ಹತ್ತಿದರು. ಕಾರು ಬ್ರಹ್ಮಗಿರಿ ಬೆಟ್ಟದ ಕಡೆಯ ರಸ್ತೆಗೆ ತಿರುಗಿ ಮರೆಯಾಯಿತು.

ಎಲೆ ಹಾಕಿಸಿ ಪಾಲಾಕ್ಷಪ್ಪ ಬಾಗಿಲಿಗೂ ಅಡುಗೆಮನೆಗೂ ಓಡಾಡಿದ. ಮಂಗಳಗೌರಿ ಅತ್ತೆಯ ಮುಖ ನೋಡಿದಳು. ಜ್ಯೋತಿಲಕ್ಷ್ಮಿ ಗಂಡನಿಗೆ ಮೇಲಿಂದ ಮೇಲೆ ಫೋನ್ ಮಾಡಿದಳು, ಅವನು ಎತ್ತಲಿಲ್ಲ. ನೆಂಟರದೆಲ್ಲ ಊಟವಾಗಿ ತಾಂಬೂಲ ಹಂಚುವಾಗ ಅಣ್ಣತಮ್ಮಂದಿರು ಬಂದರು. ಇಬ್ಬರ ಕಣ್ಣೂ ಕೆಂಪಾಗಿದ್ದವು. ಒಬ್ಬ ಈ ಸಾಲಿನಲ್ಲಿ, ಇನ್ನೊಬ್ಬ ಆ ಸಾಲಿನಲ್ಲಿ ಕುಳಿತು ಉಂಡರು. ಹೊರಡುವಾಗ ಮಹಾಂತೇಶ್ ಕಾರಿನ ಬಾಗಿಲು ತೆರೆದು ಅವ್ವನನ್ನು ಕೂರಿಸಿದ. "ಬರ್ತೀನಿ ಅಣ್ಣ, ನಾಳಿದ್ದು," ಎಂದ. ಓಂಕಾರಮೂರ್ತಿ ತಲೆಯಾಡಿಸಿದ.

ದಾರಿಯಲ್ಲಿ ತಳಕು ಊರು ಬಂತು. ಅಲ್ಲಿ ರಸ್ತೆ ಪಕ್ಕದ ಹೋಟೆಲಿನೆದುರು ನಿಲ್ಲಿಸಿ ಅವನು ಟೀ ತಂದ. ಮಂಗಳಗೌರಿ ಇಳಿದು ಅಂಗಡಿಯ ಕಡೆ ಹೋದಳು.

"ನಿಂಗೊಬ್ಬಳಿಗೆ ಹೇಳಿದ್ದೆ ಅವ್ವ."

"ಹೂಂ. ಮಾತು ತಪ್ಪಿದೆ."

ಅವನು ಟೀ ಆರಿಸುತ್ತಾ ನಿಂತ. "ಎಲ್ಲಾ ಹೇಳು ಅಂದ. ಯಾವ ಮಂಚ, ಯಾವ ಅಂಗಿ ಹಾಕಿದ್ರು, ಏನು ಉಂಡಿದ್ರು, ಮಣ್ಣಿಗೆ ಯಾರ್ ಯಾರ್ ಬಂದಿದ್ರು. ಹೇಳಿದೆ. ಇಷ್ಟು ವರ್ಷ ನನ್ನ ಯಾರೂ ಕೇಳಿರ್ಲಿಲ್ಲ."

"ಮತ್ತೆ ಭಾಗ?"

"ಬರೆಸಲ್ಲ. ನಂಗೂ ಬೇಕಿರ್ಲಿಲ್ಲ ಅದು. ಆದ್ರೆ ಎಡೆ ಬೇರೆ ಬೇರೇನೇ ಅವ್ವ. ಅವನು ಅಲ್ಲಿ ಇಕ್ಕಲಿ, ನಾನು ಇಲ್ಲಿ ಇಕ್ತೀನಿ. ಅಲ್ಲಿ ಇಕ್ಕೋದು ಬಿಡು ಅಂತ ಅವನಿಗೆ ಅನ್ನಾಕೆ ಬಾಯಿ ಬರ್ಲಿಲ್ಲ. ಬಾ, ಜತೆಗೇ ಇಕ್ಕಾಣ ಅನ್ನಾಕೂ ಬರ್ಲಿಲ್ಲ."

"ಜನ ಏನಂತಾರೋ?"

"ಬೇರೆ ಆದ್ರು ಅಂತಾರೆ. ಅನ್ಲಿ. ಆಗೀವಿ."

ಲಾರಿಯೊಂದು ಧೂಳೆಬ್ಬಿಸಿಕೊಂಡು ಬಳ್ಳಾರಿಯ ಕಡೆ ಹೋಯಿತು. ಅವನು ಖಾಲಿ ಲೋಟವನ್ನು ಕೈಯಲ್ಲೇ ಹಿಡಿದಿದ್ದ. ಕಿವಿಯ ಮೇಲೆ ಕೂದಲು ನರೆತ ಮಗ, ಕೇಳಲೋ ಬೇಡವೋ ಎಂದು ಹುಡುಗನಂತೆ ಅನುಮಾನಿಸಿ, ಕೊನೆಗೆ ಕೇಳಿದ.

"ಬರೋ ಅಮಾಸೆಗೆ ಅಪ್ಪ ಎಲ್ಲಿಗೆ ಬರ್ತಾರವ್ವ?"

ಬಸವಲಿಂಗಮ್ಮ ಅವನ ಮುಖ ನೋಡಿದಳು. ಎರಡು ಕಡೆಗೂ ಬರ್ತಾರೆ ಎಂದು ಹೇಳಬಹುದಿತ್ತು. ಅವನಿಗೆ ಬೇಕಾಗಿದ್ದದ್ದು ಆ ಮಾತಲ್ಲ ಎಂದು ಅವಳಿಗೆ ಗೊತ್ತಿತ್ತು. ಬೇಕಾದ ಮಾತನ್ನು ಹೇಳಿದರೆ ಇನ್ನೊಬ್ಬ ಮಗನಿಗೆ ದ್ರೋಹ.

"ಗೊತ್ತಿಲ್ಲ ಕಣಪ್ಪ," ಎಂದಳು. "ನಾನಂತೂ ಇಲ್ಲೇ ಇರ್ತೀನಿ."

ಅವನು ಲೋಟ ಕೊಡಲು ಹೋದ. ಮಂಗಳಗೌರಿ ಬಂದು ಕುಳಿತಳು. ಕಾರು ಹೊರಟಾಗ ಬಸವಲಿಂಗಮ್ಮ ಕಣ್ಣು ಮುಚ್ಚಿ ಸೀಟಿಗೆ ಒರಗಿದಳು. ಅಮಾವಾಸ್ಯೆಗೆ ಇಲ್ಲೇ ಇರುತ್ತೇನೆ ಎಂದದ್ದನ್ನು ಮಹಾಂತೇಶನಿಗೆ ಹೇಗೆ ಹೇಳುವುದೋ ಎಂಬ ಚಿಂತೆ ಆಗಲೇ ಶುರುವಾಗಿತ್ತು.